ಮನೆ ಲೇತ್‌ನಲ್ಲಿ ನೈಲಾನ್, ಡೆಲ್ರಿನ್ ಬುಷ್: ಯಾವ ರಾಡ್ ತರಲಿ, ಹೇಗೆ ಕಡೆಯಲಿ?

ಭಟ್ಟಿ ಪಕ್ಕದ ಲೇತ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮನೆ ಹಿತ್ತಲಲ್ಲಿ ಒಂದು ಹಳೇ ಬೆಲ್ಟ್ ಲೇತ್ ಇಟ್ಟುಕೊಂಡಿದ್ದೇನೆ. ಮೂರು ಅಡಿ ಬೆಡ್, ಸಿಂಗಲ್ ಫೇಸ್ ಮೋಟರ್. ಜಾಸ್ತಿ ಅಂದರೆ 600 ಆರ್‌ಪಿಎಂ ಓಡುತ್ತದೆ. ಇಲ್ಲಿಯವರೆಗೆ ಕಬ್ಬಿಣ, ಹಿತ್ತಾಳೆ ಬಿಟ್ಟು ಬೇರೇನೂ ಕಡೆದಿಲ್ಲ.

ನಮ್ಮ ಮಾವನ ಮಂಡಕ್ಕಿ ಭಟ್ಟಿಯಲ್ಲಿ ಒಂದು ಜರಡಿ ಯಂತ್ರ ಇದೆ. ಜರಡಿಯನ್ನು ಹಿಂದೆ ಮುಂದೆ ಆಡಿಸುವ ನಾಲ್ಕು ತೋಳುಗಳಿಗೆ ಗನ್ ಮೆಟಲ್ (ಕಂಚಿನ ಜಾತಿ) ಬುಷ್ ಇದೆ, ಅಂದರೆ ಶಾಫ್ಟ್ ಕೂತು ಆಡುವ ಕೊಳವೆ. ಎಣ್ಣೆ ಬಿಟ್ಟರೆ ಹೊಟ್ಟು, ಧೂಳು, ಮರಳಿನ ಪುಡಿ ಎಲ್ಲ ಅದಕ್ಕೆ ಮೆತ್ತಿಕೊಂಡು ಬುಷ್ಷನ್ನೇ ಅರೆಯುತ್ತದೆ. ಬಿಡದಿದ್ದರೆ ಕಿರುಗುಟ್ಟುತ್ತದೆ. ಎಣ್ಣೆ ಹನಿ ಮಂಡಕ್ಕಿ ಮೇಲೆ ಬಿದ್ದರಂತೂ ಗಿರಾಕಿ ಸುಮ್ನೆ ಬಿಡ್ತಾರಾ?

ಅದಕ್ಕೇ ಎಣ್ಣೆ ಬೇಡದ ಪ್ಲಾಸ್ಟಿಕ್ ಬುಷ್ ಹಾಕೋಣ ಅಂತ. ಅಂಗಡಿಯಲ್ಲಿ ಬಿಳಿ ರಾಡ್ ತೋರಿಸಿ ನೈಲಾನ್ ಅಂದರು, ಕಪ್ಪು ರಾಡ್ ತೋರಿಸಿ ಡೆಲ್ರಿನ್ ಅಂದರು. ಕಂದು ಬಣ್ಣದ ಹೈಲಂ ಶೀಟ್, ಗಾಜಿನಂಥ ಅಕ್ರಿಲಿಕ್ ಕೂಡ ಇದ್ದವು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದು? ಗಟ್ಟಿ ಇದ್ದದ್ದೇ ಬಾಳಿಕೆ ಬರುತ್ತದೆ ಅಲ್ವಾ?

ಅಳತೆ: ಶಾಫ್ಟ್ 25 ಮಿ.ಮೀ., ಬುಷ್ ಕೂರುವ ಹೌಸಿಂಗ್ 40 ಮಿ.ಮೀ., ಉದ್ದ 40 ಮಿ.ಮೀ.

ಹರಿಹರದ ಟರ್ನರ್

ಗಟ್ಟಿ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಪ್ಪ. ಅಕ್ರಿಲಿಕ್ ಗಟ್ಟಿಯೇ. ಅದರಲ್ಲಿ ಬುಷ್ ಮಾಡಿ ಜರಡಿಗೆ ಹಾಕಿದರೆ ಅದುರಿಗೇ ಸೀಳು ಬಿಡುತ್ತದೆ. ಟೆಫ್ಲಾನ್ ಮೆತ್ತಗೆ, ಉಗುರಲ್ಲಿ ಗೀರಿದರೂ ಗೆರೆ ಬೀಳುತ್ತದೆ. ಆದರೆ ಜಾರುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಹಾಗಂತ ಅದನ್ನೂ ಬರೀ ಟೆಫ್ಲಾನ್ ಆಗಿ ಹಾಕಬೇಡ. ಭಾರ ಬಿದ್ದ ಕಡೆ ನಿಧಾನವಾಗಿ ಹಿಂಡಿಕೊಂಡು ಪಕ್ಕಕ್ಕೆ ಸರಿಯುತ್ತದೆ.

ಕೇಳಬೇಕಾದ್ದು ಮೂರೇ. ಆ ಜಾಗ ಎಷ್ಟು ಬಿಸಿ? ನೀರು, ತೇವ ಇದೆಯಾ? ಎಷ್ಟು ಭಾರ, ಎಷ್ಟು ವೇಗ? ಮಂಡಕ್ಕಿ ಭಟ್ಟಿ ಅಂದೆ ನೋಡು, ನನಗೆ ಮೊದಲ ಪ್ರಶ್ನೆಯೇ ದೊಡ್ಡದು. ಕಾದ ಮರಳು ಸೋಸುವ ಜರಡಿಯಾ, ಆಮೇಲೆ ತಣ್ಣಗಾದ ಮಂಡಕ್ಕಿ ಜಾಲಿಸುವ ಜರಡಿಯಾ?

ಭಟ್ಟಿ ಪಕ್ಕದ ಲೇತ್, ದಾವಣಗೆರೆ

ಎರಡನೆಯದು ಯಜಮಾನ್ರೇ. ಅರಳದೆ ಉಳಿದ ಅಕ್ಕಿ, ನುಚ್ಚು, ಉಳಿದ ಮರಳಿನ ಪುಡಿ ಬೇರೆ ಮಾಡುವ ಜರಡಿ. ಒಲೆಯಿಂದ ದೂರ ಇದೆ. ತೋಳಿನ ಬುಡ ಮುಟ್ಟಿ ನೋಡಿದರೆ ಕೈಗೆ ಬಿಸಿ ತಾಗುವುದಿಲ್ಲ. ಬೇಸಿಗೆಯಲ್ಲಿ ನಮ್ಮೂರಿನ ತಗಡಿನ ಶೆಡ್ ಹೇಗಿರುತ್ತದೋ ಅಷ್ಟೇ ಬಿಸಿ.

ಇದು ಸರಿಯಾದರೆ ಒಲೆ ಪಕ್ಕದ ಜರಡಿಗೂ ಹಾಕಬೇಕು ಅನ್ನುತ್ತಿದ್ದಾರೆ ಮಾವ.

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಒಲೆ ಪಕ್ಕದ್ದಕ್ಕೆ ಬೇಡ ಅಂತ ಮಾವನಿಗೆ ಈಗಲೇ ಹೇಳಿಬಿಡಿ. ಅಕ್ಕಿ ಅರಳಿಸುವ ಮರಳು 200 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಡೆಲ್ರಿನ್ 175 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಸಾದಾ ನೈಲಾನ್ 6 ಸುಮಾರು 220ಕ್ಕೆ. ಕರಗುವುದಕ್ಕಿಂತ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತವೆ. ದಿನಪೂರ್ತಿ ಓಡುವ ಜಾಗದಲ್ಲಿ ಎರಡನ್ನೂ 80-90 ಡಿಗ್ರಿ ಒಳಗೆ ಇಟ್ಟುಕೊಳ್ಳುವುದು ಕ್ಷೇಮ. ಪೀಕ್ ಅನ್ನುವ ಪ್ಲಾಸ್ಟಿಕ್ 250 ಡಿಗ್ರಿ ತನಕ ತಡೆಯುತ್ತದೆ. ಆದರೆ ಅದರ ರೇಟು ಕೇಳಿದರೆ ಜರಡಿಯನ್ನೇ ಹೊಸದು ತಂದುಬಿಡೋಣ ಅನ್ನಿಸುತ್ತದೆ. ಬಿಸಿ ಜಾಗದಲ್ಲಿ ಗನ್ ಮೆಟಲ್ ಇರಲಿ.

ತಣ್ಣನೆಯ ಜರಡಿಗೆ ನೈಲಾನೂ ಆಗುತ್ತದೆ, ಡೆಲ್ರಿನೂ ಆಗುತ್ತದೆ. ನನ್ನ ಆಯ್ಕೆ ಡೆಲ್ರಿನ್. ನೈಲಾನ್ ಗಾಳಿಯಲ್ಲಿರುವ ತೇವವನ್ನೇ ಕುಡಿಯುತ್ತದೆ. ನೀರಲ್ಲಿ ಪೂರ್ತಿ ನೆನೆದ ನೈಲಾನ್ 6 ತನ್ನ ತೂಕದ ನೂರಕ್ಕೆ 9ರಷ್ಟು ನೀರು ಹೀರಿಕೊಳ್ಳಬಲ್ಲದು. ಡೆಲ್ರಿನ್ ನೂರಕ್ಕೆ 1 ಕೂಡ ದಾಟುವುದಿಲ್ಲ. ಬೇಸಿಗೆಯಲ್ಲಿ ಕಡೆದ ನೈಲಾನ್ ಬುಷ್ ಮಳೆಗಾಲದಲ್ಲಿ ಶಾಫ್ಟನ್ನು ಕಚ್ಚಿಕೊಂಡು ಕೂರುವುದು ಇದಕ್ಕೇ.

ಹೈಲಂ ಬಗ್ಗೆ ಎರಡು ಮಾತು. ಅದು ಬೇಕಲೈಟ್ ಜಾತಿ, 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಅಂಟನ್ನೇ ಕಾಗದಕ್ಕೋ ಬಟ್ಟೆಗೋ ಕುಡಿಸಿ ಒತ್ತಿ ಮಾಡುವ ಹಲಗೆ. ಕರಗುವುದಿಲ್ಲ, ಕಾದರೆ ಸುಡುತ್ತದೆ. ಬಟ್ಟೆ ಪದರದ್ದು ಬುಷ್ಷಿಗೆ ಒಳ್ಳೆಯದೇ, ರೋಲಿಂಗ್ ಮಿಲ್‌ಗಳಲ್ಲಿ ನೀರು ಬಿಟ್ಟುಕೊಂಡು ಓಡಿಸುತ್ತಾರೆ. ಆದರೆ ಒಣಗಿದಾಗ ಡೆಲ್ರಿನ್‌ನಷ್ಟು ಸಲೀಸಾಗಿ ಜಾರುವುದಿಲ್ಲ. ಕಡೆಯುವಾಗ ಬರುವ ಪುಡಿಗೆ ಮಾಸ್ಕ್ ಬೇಕೇ ಬೇಕು.

ಹರಿಹರದ ಟರ್ನರ್

ಮೇಡಂ ಹೇಳಿದ್ದು ಅಳತೆ ಮಟ್ಟಿಗೆ ಸರಿ. ಆದರೆ ಇಲ್ಲಿ ಮರಳಿನ ಪುಡಿ ಇದೆಯಲ್ಲ. ಧೂಳಿನ ಜಾಗಕ್ಕೆ ಕ್ಯಾಸ್ಟ್ ನೈಲಾನ್ ಡೆಲ್ರಿನ್‌ಗಿಂತ ಜಾಸ್ತಿ ತಡೆಯುತ್ತದೆ. ಇಟ್ಟಿಗೆ ಯಂತ್ರ, ಕ್ರಷರ್ ಕಡೆಯವರು ನೈಲಾನ್ ಕೇಳುವುದು ಸುಮ್ನೆ ಅಲ್ಲ. ಕ್ಲಿಯರೆನ್ಸ್, ಅಂದರೆ ಶಾಫ್ಟಿಗೂ ಬುಷ್ಷಿಗೂ ನಡುವಿನ ಸಂದು, ಧಾರಾಳವಾಗಿ ಬಿಟ್ಟರೆ ಮಳೆಗಾಲದ ತೊಂದರೆಯೂ ಇಲ್ಲ. ಜರಡಿ ತೋಳಿಗೆ ಹತ್ತರಲ್ಲೊಂದು ಮಿ.ಮೀ. ಆಟ ಜಾಸ್ತಿ ಇದ್ದರೆ ಏನೂ ಮುಳುಗಿ ಹೋಗುವುದಿಲ್ಲ.

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಒಪ್ಪಿದೆ ಸರ್, ಸವೆತದ ವಿಷಯದಲ್ಲಿ. ಆದರೆ ಮರಳು ಒಳಗೆ ಹೋಗಲು ಬಿಟ್ಟರೆ ಯಾವ ಪ್ಲಾಸ್ಟಿಕ್ ಆದರೂ ಕಣ ಅದರ ಮೈಯಲ್ಲಿ ಹೂತು ಕೂರುತ್ತದೆ. ಆಮೇಲೆ ಬುಷ್ ಸವೆಯುವುದಿಲ್ಲ, ಶಾಫ್ಟ್ ಸವೆಯುತ್ತದೆ. ಬುಷ್ ನೋಡಿದರೆ ಚೆನ್ನಾಗೇ ಇರುತ್ತದೆ, ಶಾಫ್ಟ್ ಮೇಲೆ ಕಾಲುವೆ ಬಿದ್ದಿರುತ್ತದೆ. ಎರಡೂ ತುದಿಗೆ ಒಂದೊಂದು ಫೆಲ್ಟ್ ರಿಂಗ್ ಹಾಕಲು ಜಾಗ ಬಿಡಿ. ಅದು ಯಾವ ರಾಡ್ ಅನ್ನುವುದಕ್ಕಿಂತ ಮುಖ್ಯ. ಮೊದಲ ಸಲ ಕಡೆಯುವವರಿಗೆ ಡೆಲ್ರಿನ್ ಸುಲಭ ಅನ್ನುವುದೂ ನನ್ನ ಲೆಕ್ಕದಲ್ಲಿದೆ. ನೈಲಾನ್ ದಾರ ದಾರವಾಗಿ ಬಂದು ಚಕ್‌ಗೆ (ರಾಡ್ ಹಿಡಿದು ತಿರುಗಿಸುವ ಭಾಗ) ಸುತ್ತಿಕೊಳ್ಳುತ್ತದೆ.

ಬೇರಿಂಗ್ ಅಂಗಡಿ ಪಕ್ಕದವ

ನನಗೆ ಒಂದು ಅರ್ಥ ಆಗಲಿಲ್ಲ. ಇಷ್ಟೆಲ್ಲ ತಲೆಬಿಸಿ ಯಾಕೆ? 6205-2ಆರ್‌ಎಸ್ ಬಾಲ್ ಬೇರಿಂಗ್ ಹಾಕಿ ಮುಗಿಸಿ. ಒಳಗೆ 25, ಹೊರಗೆ 52, ಅಗಲ 15. ಎರಡೂ ಕಡೆ ರಬ್ಬರ್ ಸೀಲ್ ಇದೆ, ಗ್ರೀಸ್ ಒಳಗೇ ಇದೆ, ಧೂಳು ಹೋಗುವುದಿಲ್ಲ, ಮಂಡಕ್ಕಿಗೆ ಎಣ್ಣೆಯೂ ತಾಗುವುದಿಲ್ಲ. ಹೌಸಿಂಗ್ ಬೋರ್ ಮಾಡಿಸಿ ತೂತು ದೊಡ್ಡದು ಮಾಡಿದರೆ ಆಯಿತು.

ಹರಿಹರದ ಟರ್ನರ್

ಪೂರ್ತಿ ಸುತ್ತುವ ಶಾಫ್ಟ್ ಆಗಿದ್ದರೆ ನಿನ್ನ ಮಾತೇ ಸರಿ, ನಾನೂ ಬೇರಿಂಗ್ ಅನ್ನುತ್ತಿದ್ದೆ. ಆದರೆ ಈ ತೋಳು ಸುತ್ತುವುದಿಲ್ಲಪ್ಪ, ಆ ಕಡೆ ಈ ಕಡೆ ಒಂದಿಷ್ಟು ಆಡುತ್ತದೆ ಅಷ್ಟೇ. ಗುಂಡುಗಳು ಒಂದೇ ಜಾಗದಲ್ಲಿ ಕೂತು ಕುಟ್ಟುತ್ತವೆ. ಗ್ರೀಸ್ ಪಕ್ಕಕ್ಕೆ ಹೋಗಿ ಮತ್ತೆ ಬರುವುದಿಲ್ಲ. ಟ್ರ್ಯಾಕ್ ಮೇಲೆ ಗುಂಡಿನ ಲೆಕ್ಕಕ್ಕೆ ಸರಿಯಾಗಿ ಗುಳಿ ಬೀಳುತ್ತವೆ. ಇಂಥ ಜಾಗಕ್ಕೇ ಬುಷ್ ಹುಟ್ಟಿದ್ದು. ಮೋಟರ್‌ನಿಂದ ಬೆಲ್ಟ್ ಬರುವ ಎಕ್ಸೆಂಟ್ರಿಕ್ ಶಾಫ್ಟಿಗೆ (ಸುತ್ತುತ್ತಾ ಜರಡಿಯನ್ನು ಹಿಂದೆ ಮುಂದೆ ತಳ್ಳುವ ಶಾಫ್ಟ್) ಬೇರಿಂಗ್ ಇರಲಿ, ತೋಳಿಗೆ ಬುಷ್ ಇರಲಿ.

ಬೇರಿಂಗ್ ಅಂಗಡಿ ಪಕ್ಕದವ

ಆಯಿತು, ತೋಳಿನ ವಿಷಯ ಬಿಟ್ಟೆ. ಎಕ್ಸೆಂಟ್ರಿಕ್ಕಿಗೆ ಮಾತ್ರ ಸೀಲ್ ಇರುವುದೇ ತಗೊಳ್ಳಿ, ಬರೀ ತಗಡಿನ ಮುಚ್ಚಳದ್ದು ಆ ಧೂಳಿಗೆ ಸಾಲದು.

ಚನ್ನಗಿರಿ ಅಡಿಕೆ ಮಿಷನ್

ರಾಡ್ ತರುವಾಗ ಹುಷಾರು. ನಮ್ಮ ಕಡೆ ಬಿಳಿ ಇದ್ದದ್ದೆಲ್ಲ ನೈಲಾನ್. ಅಡಿಕೆ ಸುಲಿಯುವ ಮಿಷನ್‌ಗೆ ರೋಲರ್ ಮಾಡಲು ತಂದ "ನೈಲಾನ್" ಬಕೆಟ್ ನೀರಿಗೆ ಹಾಕಿದರೆ ತೇಲಿತು. ಅದು ಹೆಚ್‌ಡಿಪಿಇ, ಅಂದರೆ ಪಾಲಿಥಿನ್ ಜಾತಿ. ಅಂಗಡಿಯವರಿಗೂ ಪಾಪ ಗೊತ್ತಿರುವುದಿಲ್ಲ, ಮೇಲಿನವರು ಹೇಳಿದ್ದನ್ನೇ ಹೇಳುತ್ತಾರೆ.

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಚನ್ನಗಿರಿಯವರು ಒಳ್ಳೆಯ ವಿಷಯ ತೆಗೆದರು. ರಾಡ್ ಗುರುತಿಸಲು ಲ್ಯಾಬ್ ಏನೂ ಬೇಡ. ಅಡುಗೆಮನೆ ತಕ್ಕಡಿ, ಒಂದು ಬಕೆಟ್, ಕಲ್ಲುಪ್ಪು ಸಾಕು.

ಮೊದಲು ಸಾದಾ ನೀರು. ತುಂಡು ತೇಲಿದರೆ ಅದು ಹೆಚ್‌ಡಿಪಿಇ, ಯುಹೆಚ್‌ಎಂಡಬ್ಲ್ಯು (ಅದೂ ಪಾಲಿಥಿನ್ ಜಾತಿಯೇ) ಅಥವಾ ಪಿಪಿ (ಪಾಲಿಪ್ರೊಪಿಲೀನ್). ನೈಲಾನ್, ಡೆಲ್ರಿನ್ ಎರಡೂ ಮುಳುಗುತ್ತವೆ. ಈಗ ನೀರಿಗೆ ಉಪ್ಪು ಹಾಕುತ್ತಾ ಕಲಕಿ. ಇನ್ನು ಕರಗುವುದಿಲ್ಲ, ತಳದಲ್ಲಿ ಉಳಿಯಿತು ಅನ್ನುವ ತನಕ. ಲೀಟರಿಗೆ 350 ಗ್ರಾಂ ಹತ್ತಿರ ಬೇಕು. ಆ ನೀರಿನ ಸಾಂದ್ರತೆ 1.2 ಆಗುತ್ತದೆ. ನೈಲಾನ್ 1.15, ತೇಲುತ್ತದೆ. ಡೆಲ್ರಿನ್ 1.42, ಮುಳುಗುತ್ತದೆ. ಪಿವಿಸಿ ಕೂಡ 1.4 ಆದ್ದರಿಂದ ಮುಳುಗುತ್ತದೆ. ಟೆಫ್ಲಾನ್ 2.2, ಕಲ್ಲು ಬಿದ್ದ ಹಾಗೆ ಹೋಗುತ್ತದೆ. ತುಂಡಿಗೆ ಗಾಳಿಗುಳ್ಳೆ ಅಂಟಿದ್ದರೆ ಮುಳುಗುವುದೂ ತೇಲುತ್ತದೆ, ಆದ್ದರಿಂದ ಬೆರಳಲ್ಲಿ ಒರೆಸಿ ಬಿಡಿ. ಗಾಜಿನ ನಾರು ಬೆರೆಸಿದ ನೈಲಾನ್ ಇದ್ದರೆ ಅದೂ ಮುಳುಗುತ್ತದೆ, ಅದನ್ನು ಮರೆಯಬೇಡಿ.

ಅಂಗಡಿಯಲ್ಲಿ ಬಕೆಟ್ ಇಟ್ಟುಕೊಂಡು ನಿಲ್ಲಲು ಆಗಲ್ಲ ಅಲ್ವಾ, ಅಲ್ಲಿಗೆ ತೂಕ. 50 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ತುಂಡು ಹೆಚ್‌ಡಿಪಿಇ ಆದರೆ ಸುಮಾರು 187 ಗ್ರಾಂ, ನೈಲಾನ್ ಆದರೆ 225, ಡೆಲ್ರಿನ್ ಆದರೆ 280, ಟೆಫ್ಲಾನ್ ಆದರೆ 430. ರಾಡ್ ಕಿಲೋ ಲೆಕ್ಕದಲ್ಲಿ ಮಾರುವುದರಿಂದ ಇನ್ನೊಂದು ಗಮನಿಸಿ. ಎರಡಕ್ಕೂ ಕಿಲೋ ರೇಟು ಒಂದೇ ಇದ್ದರೂ ಅದೇ ಉದ್ದಕ್ಕೆ ಡೆಲ್ರಿನ್ ಕಾಲು ಭಾಗದಷ್ಟು ಜಾಸ್ತಿ ಬೀಳುತ್ತದೆ.

ಚಳ್ಳಕೆರೆ ಗಾಣ

ಬೆಂಕಿ ಹಚ್ಚಿ ವಾಸನೆ ನೋಡಿದರೆ ಒಂದೇ ನಿಮಿಷದ ಕೆಲಸ. ನೈಲಾನ್ ಕೂದಲು ಸುಟ್ಟ ವಾಸನೆ. ಹೆಚ್‌ಡಿಪಿಇ ಮೇಣದಬತ್ತಿ ಆರಿಸಿದ ವಾಸನೆ.

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಅಷ್ಟು ಗೊತ್ತಿದ್ದರೆ ಸರಿ, ಆದರೆ ಗೊತ್ತಿಲ್ಲದ ರಾಡ್‌ಗೆ ಬೆಂಕಿ ಹಚ್ಚಿ ಮೂಗು ಹತ್ತಿರ ತರಬೇಡಿ ಅಣ್ಣ. ಡೆಲ್ರಿನ್ ಸುಟ್ಟರೆ ಫಾರ್ಮಾಲ್ಡಿಹೈಡ್ ಬರುತ್ತದೆ, ಕಣ್ಣು ಮೂಗು ಉರಿದುಹೋಗುತ್ತದೆ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ, ಅದು ಶ್ವಾಸಕ್ಕೂ ಕೆಟ್ಟದ್ದು, ಪಕ್ಕದಲ್ಲಿರುವ ಲೇತ್ ಬೆಡ್ಡಿಗೂ ತುಕ್ಕು. ಟೆಫ್ಲಾನ್ ಹೊಗೆ ಇನ್ನೂ ಕೆಟ್ಟದ್ದು. ಉಪ್ಪು ನೀರಿಗೆ ಹೊಗೆ ಇಲ್ಲ.

ಭಟ್ಟಿ ಪಕ್ಕದ ಲೇತ್, ದಾವಣಗೆರೆ

ಒಂದು ತಮಾಷೆ ಹೇಳುತ್ತೇನೆ. ಬಿಳಿ ರಾಡ್ 50 ಮಿ.ಮೀ. ದಪ್ಪದ್ದು ತಂದೆ, ಬಿಲ್‌ನಲ್ಲಿ ನೈಲಾನ್ ಅಂತಲೇ ಬರೆದಿದೆ. ಮನೆಗೆ ಬಂದು 100 ಮಿ.ಮೀ. ತುಂಡು ಕತ್ತರಿಸಿ ತೂಗಿದರೆ 279 ಗ್ರಾಂ. ಉಪ್ಪು ನೀರಲ್ಲಿ ಸೀದಾ ತಳಕ್ಕೆ. ಹಾಗಾದರೆ ಇದು ಡೆಲ್ರಿನ್ ತಾನೆ? ಅಮ್ಮ ಮಾತ್ರ ಉಪ್ಪಿನ ಡಬ್ಬಿ ಖಾಲಿ ಆಗಿದ್ದಕ್ಕೆ ಬೈಯುತ್ತಿದ್ದಾರೆ.

ಇನ್ನು ಟೂಲ್ ಹೇಳಿ. ನನ್ನ ಹತ್ತಿರ ಬ್ರೇಜ್ಡ್ ಕಾರ್ಬೈಡ್ ಟೂಲ್ ಇದೆ, ಹೆಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಎರಡು ಇವೆ.

ಹರಿಹರದ ಟರ್ನರ್

ಡೆಲ್ರಿನ್ನೇ. ಅದೃಷ್ಟ ಚೆನ್ನಾಗಿದೆ, ನೈಲಾನ್ ರೇಟಿಗೆ ಸಿಕ್ಕಿದೆ. ಮೇಡಂಗೆ ಬೇಕಾದ್ದೇ ಸಿಕ್ಕಿತು, ನಾನು ಸುಮ್ಮನಾದೆ.

ಕಾರ್ಬೈಡ್ ಟೂಲ್ ಪಕ್ಕಕ್ಕಿಡು. ಕಬ್ಬಿಣಕ್ಕೆ ಮಾಡಿದ ಆ ಟೂಲಿನ ಅಂಚು ಮೊಂಡು ಇರುತ್ತದೆ. ಕಬ್ಬಿಣಕ್ಕೆ ಹಾಗೇ ಇರಬೇಕು, ಪ್ಲಾಸ್ಟಿಕ್‌ಗೆ ಬೇಡ. ಹೆಚ್‌ಎಸ್‌ಎಸ್ ಬಿಟ್ ತಗೊಂಡು ಮುಂದಿನ ಕ್ಲಿಯರೆನ್ಸ್ (ಅಂಚಿನ ಕೆಳಗಿನ ಇಳಿಜಾರು) 12ರಿಂದ 15 ಡಿಗ್ರಿ ಕೊಡು. ಕಬ್ಬಿಣಕ್ಕೆ ಕೊಡುವುದಕ್ಕಿಂತ ಜಾಸ್ತಿ. ಯಾಕೆ ಅಂದರೆ ಪ್ಲಾಸ್ಟಿಕ್ ಒತ್ತಿದಾಗ ಒಳಗೆ ಹೋಗಿ ಮತ್ತೆ ಎದ್ದು ಬರುತ್ತದೆ, ಟೂಲಿನ ಹೊಟ್ಟೆಗೆ ಉಜ್ಜುತ್ತದೆ. ಉಜ್ಜಿದರೆ ಬಿಸಿ. ಮೇಲಿನ ರೇಕ್ (ಟೂಲಿನ ಮೇಲ್ಮೈಯ ಇಳಿಜಾರು) ಡೆಲ್ರಿನ್‌ಗೆ 5 ಡಿಗ್ರಿ ಸಾಕು, ನೈಲಾನ್ ಆದರೆ 10-15 ತನಕ ಹೋಗಬಹುದು. ಗ್ರೈಂಡಿಂಗ್ ಆದ ಮೇಲೆ ಎಣ್ಣೆ ಕಲ್ಲಿನ ಮೇಲೆ ಉಜ್ಜು. ಉಗುರಿನ ಮೇಲೆ ಇಟ್ಟರೆ ಜಾರದೆ ಹಿಡಿಯಬೇಕು, ಅಷ್ಟು ಚೂಪು. ಆ ಬಿಟ್ ಪ್ಲಾಸ್ಟಿಕ್‌ಗೇ ಮೀಸಲು. ಒಂದೇ ಒಂದು ಸಲ ಕಬ್ಬಿಣಕ್ಕೆ ಮುಟ್ಟಿಸಿದರೂ ಮತ್ತೆ ಕಲ್ಲಿಗೆ ಹಿಡಿಯಬೇಕು.

ಟಿಪ್ ಬದಲಿಸುವ ಇನ್ಸರ್ಟ್ ಹೋಲ್ಡರ್ ಇರುವವರು ಅಲ್ಯೂಮಿನಿಯಂಗೆ ಬರುವ ಕೋಟಿಂಗ್ ಇಲ್ಲದ ಸಿಸಿಜಿಟಿ ಟಿಪ್ ಹಾಕಿಕೊಳ್ಳಿ. ಕನ್ನಡಿ ಹಾಗೆ ಹೊಳೆಯುತ್ತದಲ್ಲ, ಅದು.

ನಿನ್ನ 600 ಆರ್‌ಪಿಎಂ ಸಾಕು. 50 ಮಿ.ಮೀ. ರಾಡ್‌ಗೆ ನಿಮಿಷಕ್ಕೆ 94 ಮೀಟರ್ ವೇಗ ಆಯಿತು. ಡೆಲ್ರಿನ್ ಇದರ ಎರಡರಷ್ಟು ಕೊಟ್ಟರೂ ತಡೆಯುತ್ತದೆ. ಫೀಡ್ (ಟೂಲ್ ಮುಂದೆ ಸರಿಯುವುದು) ಒಂದೊಂದು ಸುತ್ತಿಗೂ 0.2 ಮಿ.ಮೀ., ಕಟ್ 1.5 ಮಿ.ಮೀ. ಧೈರ್ಯವಾಗಿ ಕೊಡು. ಹೊಸಬರು ಪ್ಲಾಸ್ಟಿಕ್ ಅಂತ ಹೆದರಿ ಕೂದಲೆಳೆಯಷ್ಟು ಕಟ್ ಕೊಡುತ್ತಾರೆ. ಟೂಲ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಫಿನಿಶಿಂಗ್‌ಗೂ ಕಾಲು ಮಿ.ಮೀ. ಉಳಿಸಿಕೊ. ಕತ್ತರಿಸಿದ ಬಿಸಿಯೆಲ್ಲ ಚಿಪ್ಸ್ ಜೊತೆ ಆಚೆ ಹೋಗಬೇಕು. ಪ್ಲಾಸ್ಟಿಕ್ ಕಬ್ಬಿಣದ ಹಾಗೆ ಬಿಸಿಯನ್ನು ಒಳಗೆ ಹಂಚಿಕೊಳ್ಳುವುದಿಲ್ಲ, ಮೇಲ್ಮೈಯಲ್ಲೇ ನಿಲ್ಲಿಸಿಕೊಳ್ಳುತ್ತದೆ.

ಕೂಲಂಟ್ ಬೇಡ. ಗಾಳಿ ಊದಿದರೆ ಸಾಕು.

ಭಟ್ಟಿ ಪಕ್ಕದ ಲೇತ್, ದಾವಣಗೆರೆ

ಹೊರಗಿನ ಟರ್ನಿಂಗ್ ಬೆಣ್ಣೆ ಥರ ಬಂತು ಯಜಮಾನ್ರೇ. ಡ್ರಿಲ್ ಹಾಕುವಾಗ ಮಾತ್ರ 20 ಮಿ.ಮೀ. ಡ್ರಿಲ್ ತಾನೇ ಎಳೆದುಕೊಂಡು ಒಳಗೆ ನುಗ್ಗಿತು, ಟೇಲ್ ಸ್ಟಾಕ್‌ನಲ್ಲಿ ಡ್ರಿಲ್ ಗಿರ್ರಂತ ತಿರುಗಿತು.

ಬೋರ್ ಆದಮೇಲೆ ಇನ್ನೊಂದು ವಿಚಿತ್ರ. ಬುಷ್ ಕತ್ತರಿಸಿಕೊಂಡು ಅದನ್ನೇ ಚಕ್‌ನಲ್ಲಿ ಹಿಡಿದು ಬೋರ್ ಮಾಡಿದ್ದು. ಚಕ್‌ನಲ್ಲಿ ಇದ್ದಾಗ ಒಳ ಅಳತೆ ಎಲ್ಲ ಕಡೆ ಒಂದೇ. ಬಿಚ್ಚಿದ ಮೇಲೆ ಒಂದು ಕಡೆ 25.10, ಸ್ವಲ್ಪ ತಿರುಗಿಸಿದರೆ 25.35. ಯಾಕೆ ಹೀಗೆ?

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಚಕ್‌ನ ಮೂರು ಜಾ (ರಾಡ್ ಹಿಡಿಯುವ ಹಲ್ಲು) ಮೂರು ಕಡೆ ಒತ್ತಿವೆ. ಒತ್ತಿದ ಸ್ಥಿತಿಯಲ್ಲಿ ನೀವು ಗುಂಡಗೆ ಬೋರ್ ಮಾಡಿದಿರಿ. ಬಿಚ್ಚಿದಾಗ ಪ್ಲಾಸ್ಟಿಕ್ ತನ್ನ ಜಾಗಕ್ಕೆ ಮರಳಿತು, ತೂತು ಮೂರು ಮೂಲೆಯದಾಯಿತು. ನಮ್ಮ ಹುಡುಗರಿಗೆ ಇದನ್ನು ಬೇಕಂತಲೇ ಮಾಡಿಸಿ ತೋರಿಸುತ್ತೇನೆ.

ಬುಷ್ಷನ್ನು ಕತ್ತರಿಸಿ ಆಮೇಲೆ ಹಿಡಿಯಬೇಡಿ. 100 ಮಿ.ಮೀ. ರಾಡ್ ಹಿಂದಿನ ಗಟ್ಟಿ ಭಾಗವನ್ನು ಚಕ್‌ನಲ್ಲಿ ಹಿಡಿಯಿರಿ. ಮುಂದೆ ಚಾಚಿದ ಭಾಗದಲ್ಲಿ ಫೇಸಿಂಗ್ (ತುದಿ ಸಪಾಟು ಮಾಡುವುದು), ಡ್ರಿಲ್, ರಫ್ ಬೋರ್, ರಫ್ ಟರ್ನಿಂಗ್ ಮುಗಿಸಿ. ತಣ್ಣಗಾಗಲು ಬಿಡಿ. ಅದೇ ಹಿಡಿತದಲ್ಲಿ ಹೊರಗೂ ಒಳಗೂ ಫಿನಿಶ್ ಮಾಡಿ, ಕೊನೆಗೆ ಪಾರ್ಟಿಂಗ್ ಟೂಲ್‌ನಿಂದ ಕತ್ತರಿಸಿಕೊಳ್ಳಿ. ಒಳಗೂ ಹೊರಗೂ ಒಂದೇ ಸೆಂಟರ್ ಸಿಗುತ್ತದೆ, ಒತ್ತಡ ಬುಷ್ಷಿಗೆ ತಾಗುವುದೇ ಇಲ್ಲ. ಕತ್ತರಿಸಿದ್ದನ್ನು ಮತ್ತೆ ಹಿಡಿಯಲೇಬೇಕು ಅಂದರೆ ಒಂದು ಪೈಪ್ ತುಂಡಿಗೆ ಉದ್ದಕ್ಕೆ ಸೀಳು ಹಾಕಿ ಅದರೊಳಗೆ ಬುಷ್ ಇಟ್ಟು ಹಿಡಿಯಿರಿ, ಒತ್ತಡ ಸುತ್ತಲೂ ಹಂಚಿಕೊಳ್ಳುತ್ತದೆ.

ರಫ್ ಆದಮೇಲೆ ತಣ್ಣಗಾಗಲು ಬಿಡಿ ಅಂದದ್ದಕ್ಕೆ ಕಾರಣ ಲೆಕ್ಕದಲ್ಲಿದೆ. ಸ್ಟೀಲ್ ಒಂದು ಮೀಟರ್‌ಗೆ, ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಡೆಲ್ರಿನ್ 0.1 ಮಿ.ಮೀ. ಹತ್ತಿರ. 40 ಮಿ.ಮೀ. ಬುಷ್ ಕಡೆಯುವಾಗ 30 ಡಿಗ್ರಿ ಬಿಸಿ ಏರಿದ್ದರೆ ಅಳತೆ 0.12 ಮಿ.ಮೀ. ಜಾಸ್ತಿ ತೋರಿಸುತ್ತದೆ. ಆ ಬಿಸಿಯಲ್ಲಿ ವರ್ನಿಯರ್ ಹಿಡಿದು ಸರಿಯಾಗಿದೆ ಅಂದುಕೊಂಡರೆ ಬೆಳಿಗ್ಗೆ ನೋಡುವಾಗ ಸಣ್ಣದಾಗಿರುತ್ತದೆ. ಇನ್ನು ವರ್ನಿಯರ್ ಒತ್ತಿ ಹಿಡಿಯಬೇಡಿ, ಅದರ ಜಾ ಕೂಡ ಪ್ಲಾಸ್ಟಿಕ್ಕನ್ನು ಒತ್ತುತ್ತದೆ. ಮೆತ್ತಗೆ ತಾಗಿದರೆ ಸಾಕು.

ಹರಿಹರದ ಟರ್ನರ್

ಡ್ರಿಲ್ ನುಗ್ಗಿದ್ದಕ್ಕೆ ಮದ್ದು: ಹಿತ್ತಾಳೆಗೆ ಮಾಡುತ್ತೀಯಲ್ಲ, ಹಾಗೇ. ಡ್ರಿಲ್‌ನ ಎರಡು ಕತ್ತರಿಸುವ ಅಂಚಿಗೆ ಕಲ್ಲಿನಲ್ಲಿ ಒಂದು ಸಣ್ಣ ಸಪಾಟು ಹಾಕು, ಮುಂದಿನ ರೇಕ್ ಸೊನ್ನೆ ಆಗಬೇಕು. ಆಮೇಲೆ ಎಳೆದುಕೊಳ್ಳುವುದಿಲ್ಲ, ಕೆರೆಯುತ್ತದೆ. 10, 15, 20 ಹೀಗೆ ಹಂತ ಹಂತವಾಗಿ ಹೋಗು. ಪ್ರತಿ ಸಲ ಸ್ವಲ್ಪ ಒಳಗೆ ಹೋಗಿ ಪೂರ್ತಿ ಹೊರಗೆ ತೆಗೆದು ಚಿಪ್ಸ್ ಬಿಡಿಸು. ಒಳಗೆ ಸಿಕ್ಕಿಕೊಂಡ ಚಿಪ್ಸ್ ಕರಗಿ ಡ್ರಿಲ್‌ಗೆ ಅಂಟಿದರೆ ತೂತು ಹಾಳು.

ತೂತು ಡ್ರಿಲ್‌ಗಿಂತ ಸಣ್ಣದಾಗಿ ಕೂತಿರುವುದನ್ನೂ ನೋಡಿರುತ್ತೀಯ. ಪ್ಲಾಸ್ಟಿಕ್ ಎದ್ದು ಬರುವ ಗುಣ ಅದು. ಬುಷ್ಷಿನ ಒಳ ಅಳತೆ ಯಾವಾಗಲೂ ಬೋರಿಂಗ್ ಬಾರ್‌ನಲ್ಲೇ ಮುಗಿಸಬೇಕು, ಡ್ರಿಲ್ ನಂಬಬಾರದು.

ಇನ್ನೊಂದು. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕೈಗೆ ಗ್ಲೌಸ್ ಹಾಕಿಕೊಂಡು ಲೇತ್ ಮುಂದೆ ನಿಲ್ಲಬೇಡ. ನೈಲಾನ್ ದಾರ ತುಂಡಾಗುವುದೇ ಇಲ್ಲ. ಚಕ್ ಸುತ್ತ ಸುತ್ತಿಕೊಂಡದ್ದನ್ನು ಓಡುತ್ತಿರುವಾಗ ಕೈಯಲ್ಲಿ ಎಳೆಯಲು ಹೋದರೆ ಬೆರಳನ್ನೂ ಸೇರಿಸಿ ಸುತ್ತುತ್ತದೆ. ಮೋಟರ್ ಆಫ್ ಮಾಡಿ, ಚಕ್ ನಿಂತ ಮೇಲೆ ಕೊಕ್ಕೆಯಲ್ಲಿ ಎಳೆ. ಡೆಲ್ರಿನ್ ಚಿಪ್ಸ್ ಗುಡ್ಡೆ ಇರುವಲ್ಲಿ ಗ್ರೈಂಡರ್ ಹಾರಿಸಬೇಡ, ಬೀಡಿ ಹಚ್ಚಬೇಡ. ಅದರ ಉರಿ ಹಗಲು ಬೆಳಕಲ್ಲಿ ಕಣ್ಣಿಗೇ ಕಾಣುವುದಿಲ್ಲ.

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಬೀಡಿ ಅಂದಿರಿ, ಟೆಫ್ಲಾನ್ ಕಡೆಯುವವರಿಗೂ ಒಂದು ಮಾತು. ಆ ಪುಡಿ ಬೆರಳಿಗೆ ಮೆತ್ತಿರುವಾಗ ಬೀಡಿ ಸಿಗರೇಟು ಮುಟ್ಟಿ ಸೇದಿದರೆ ಪುಡಿ ತುದಿಯಲ್ಲಿ ಸುಟ್ಟು ಹೊಗೆ ಒಳಗೆ ಹೋಗುತ್ತದೆ. ಕೆಲವೇ ಗಂಟೆಯಲ್ಲಿ ಚಳಿ, ಜ್ವರ, ಎದೆ ಬಿಗಿತ. ಡಾಕ್ಟರಿಗೂ ಫ್ಲೂ ಥರ ಕಾಣುತ್ತದೆ. ಕೈ ತೊಳೆಯದೆ ಸೇದಬೇಡಿ. ಸೇದದಿದ್ದರೆ ಇನ್ನೂ ಒಳ್ಳೆಯದು, ಆದರೆ ಅದು ನನ್ನ ಕ್ಲಾಸ್ ಅಲ್ಲ.

ಭಟ್ಟಿ ಪಕ್ಕದ ಲೇತ್, ದಾವಣಗೆರೆ

ಮೇಡಂ ಹೇಳಿದ ಹಾಗೆ ಒಂದೇ ಹಿಡಿತದಲ್ಲಿ ಮಾಡಿದೆ. ಈಗ ಒಳ ಅಳತೆ ಯಾವ ಕಡೆ ಹಿಡಿದರೂ ಒಂದೇ. ಆದರೆ ಹೌಸಿಂಗಿಗೆ ಒತ್ತಿ ಕೂರಿಸಿದರೆ ಒಳಗೆ ಸಣ್ಣದಾಗುತ್ತದೆ ಅಲ್ವಾ? ಎಷ್ಟು ಬಿಟ್ಟುಕೊಳ್ಳಲಿ?

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಒಳ್ಳೆಯ ಪ್ರಶ್ನೆ. ಗನ್ ಮೆಟಲ್ ಲೆಕ್ಕ ಇಲ್ಲಿ ನಡೆಯಲ್ಲ.

ಓಡುವ ಕ್ಲಿಯರೆನ್ಸ್ 25 ಮಿ.ಮೀ. ಶಾಫ್ಟಿಗೆ 0.12 ಮಿ.ಮೀ. ಇಟ್ಟುಕೊಳ್ಳಿ. ಗನ್ ಮೆಟಲ್ ಆಗಿದ್ದರೆ ಇದರ ಅರ್ಧಕ್ಕಿಂತ ಕಮ್ಮಿ ಸಾಕಿತ್ತು. ಹೊರಗೆ ಬಿಗಿಯಾಗಿ ಕೂರಲು 40 ಮಿ.ಮೀ. ಹೌಸಿಂಗಿಗೆ 40.15 ಕಡೆಯಿರಿ. ಒತ್ತಿದಾಗ ಆ 0.15 ಎಲ್ಲಿ ಹೋಗುತ್ತದೆ? ಹೌಸಿಂಗ್ ಕಬ್ಬಿಣದ್ದು, ಬಗ್ಗುವುದಿಲ್ಲ. ನಿಮ್ಮ ಬುಷ್ಷಿನ ಗೋಡೆ 7.5 ಮಿ.ಮೀ. ಇರುವುದರಿಂದ ಹೆಚ್ಚುಕಡಿಮೆ ಅಷ್ಟೂ ಒಳಗಿನ ತೂತಿಗೇ ಬರುತ್ತದೆ. ಬೇಸಿಗೆಯಲ್ಲಿ ಶೆಡ್ 20 ಡಿಗ್ರಿ ಜಾಸ್ತಿ ಕಾದರೆ ಇನ್ನೊಂದು 0.03. ಎಲ್ಲ ಕೂಡಿಸಿ: 25ಕ್ಕೆ 0.12, 0.15, 0.03. ಒತ್ತುವ ಮುಂಚೆ ಬೋರ್ 25.30 ಇರಬೇಕು. ನೋಡಿದರೆ ಲಡಬಡ ಅನ್ನಿಸುತ್ತದೆ. ಒತ್ತಿದ ಮೇಲೆ ಸರಿಯಾಗಿ ಕೂರುತ್ತದೆ.

ಸುತ್ತಿಗೆಯಲ್ಲಿ ಹೊಡೆಯಬೇಡಿ. ಹೌಸಿಂಗಿನ ಬಾಯಿಗೆ ಚಾಂಫರ್ (ಓರೆ ಅಂಚು) ಹಾಕಿ, ಉದ್ದ ಬೋಲ್ಟ್, ಎರಡು ದಪ್ಪ ವಾಷರ್, ನಟ್ ಹಾಕಿ ನಿಧಾನಕ್ಕೆ ಎಳೆದು ಕೂರಿಸಿ. ಬುಷ್ಷನ್ನು ಮೊದಲು ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಇನ್ನೂ ಸಲೀಸು.

ಹರಿಹರದ ಟರ್ನರ್

ಲೆಕ್ಕ ಸರಿ. ನಾನಾದರೆ ಒಂದು ಬುಷ್ ಮಾತ್ರ ಮಾಡಿ, ಒತ್ತಿ, ಒಳಗೆ ಎಷ್ಟು ಬಂತು ಅಂತ ಅಳೆದು ನೋಡಿ ಆಮೇಲೆ ಉಳಿದ ಮೂರು ಮಾಡುತ್ತೇನೆ. ಹಳೇ ಹೌಸಿಂಗ್ 40 ಅಂತ ನೀನು ಹೇಳುತ್ತೀಯ, ಅದು ಅಷ್ಟೇ ಇದೆಯೋ ಸವೆದಿದೆಯೋ ಯಾರಿಗೆ ಗೊತ್ತು.

ಚಳ್ಳಕೆರೆ ಗಾಣ

ನಡುವೆ ನನ್ನದೂ ಒಂದು ಕೇಳಿಬಿಡುತ್ತೇನೆ. ಎಣ್ಣೆ ಟ್ಯಾಂಕಿಗೆ ಮಟ್ಟ ನೋಡಲು ಅಕ್ರಿಲಿಕ್ ಕಿಟಕಿ ಮಾಡಿಸಿದ್ದೆವು. ಲೇತ್‌ನಲ್ಲಿ ದುಂಡಗೆ ಕಡೆದು ಹೊಳಪು ಬರಿಸಿ ಸ್ಪಿರಿಟ್‌ನಲ್ಲಿ ಒರೆಸಿದ್ದೇ ತಡ, ಅಂಚಿನಿಂದ ಸಣ್ಣ ಸಣ್ಣ ಬಿರುಕು. ಶೀಟ್ ಕಳಪೆಯಾ?

ವರ್ಕ್‌ಶಾಪ್ ಮೇಡಂ, ಚಿತ್ರದುರ್ಗ

ಶೀಟ್ ಒಳ್ಳೆಯದೇ ಇರಬಹುದು. ಕಡೆಯುವಾಗ ಬಿಸಿಯಾಗಿ ಅಂಚಿನಲ್ಲಿ ಸೆಳೆತ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸ್ಪಿರಿಟ್, ಥಿನ್ನರ್, ಅಸಿಟೋನ್ ತಾಗಿದ ಕ್ಷಣ ಆ ಸೆಳೆತ ಬಿರುಕಾಗಿ ತೆರೆದುಕೊಳ್ಳುತ್ತದೆ. ಪಾಲಿಕಾರ್ಬೊನೇಟ್‌ಗೂ ಇದೇ ಕಾಯಿಲೆ. ಸೋಪಿನ ನೀರಲ್ಲಿ ಮಾತ್ರ ತೊಳೆಯಿರಿ. ಕಡೆದ ಮೇಲೆ 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ಓವನ್ ಒಳಗೇ ನಿಧಾನಕ್ಕೆ ತಣ್ಣಗಾಗಲು ಬಿಟ್ಟರೆ ಸೆಳೆತ ಇಳಿಯುತ್ತದೆ. ಕೊಳ್ಳುವಾಗ ಕ್ಯಾಸ್ಟ್ ಅಕ್ರಿಲಿಕ್ ಕೇಳಿ. ಎಕ್ಸ್‌ಟ್ರೂಡ್ ಆದರೆ ಬೇಗ ಕರಗಿ ಟೂಲಿಗೆ ಅಂಟುತ್ತದೆ.

ಚನ್ನಗಿರಿ ಅಡಿಕೆ ಮಿಷನ್

ನಾಲ್ಕು ಜಾ ಇರುವ ಚಕ್ ಹಳೇದು ಎಲ್ಲಾದರೂ ಸಿಗುತ್ತದಾ? ಮೂರು ಮೂಲೆ ಕಥೆ ಕೇಳಿ ಆಸೆಯಾಯಿತು.

ಹರಿಹರದ ಟರ್ನರ್

ನಾಲ್ಕು ಜಾ ಆದರೆ ತೂತು ನಾಲ್ಕು ಮೂಲೆ ಆಗುತ್ತದೆ ಅಷ್ಟೇ! ಸಿಗುವುದಾದರೆ ಹರಿಹರದ ಕಡೆ ವಿಚಾರಿಸು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್‌ಗಳನ್ನೇ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿದರೂ ಆ ಲೇತ್ ಇನ್ನೂ ಶೆಡ್‌ಗಳಲ್ಲಿ ಓಡುತ್ತಿವೆ, ಅದರ ಬಿಡಿಭಾಗ ಗೊತ್ತಿರುವ ಕೈಗಳೂ ಇವೆ.

ಭಟ್ಟಿ ಪಕ್ಕದ ಲೇತ್, ದಾವಣಗೆರೆ

ಯಜಮಾನ್ರು ಹೇಳಿದ್ದು ನಿಜ, ಹೌಸಿಂಗ್ ಅಳೆದರೆ 40.06 ಇತ್ತು. ಹೊರಗೆ 40.20 ಕಡೆದೆ, ಒಳಗೆ 25.30 ಇಟ್ಟೆ. ಒತ್ತಿದ ಮೇಲೆ 25.15 ಬಂತು. ಶಾಫ್ಟ್ ಎರಡು ಬೆರಳಲ್ಲಿ ತಿರುಗುತ್ತದೆ. ಎರಡೂ ತುದಿಗೆ ಫೆಲ್ಟ್ ರಿಂಗ್ ಹಾಕಿದೆ. ನಾಲ್ಕೂ ತೋಳಿಗೆ ಕೂರಿಸಿ ಜರಡಿ ಓಡುತ್ತಿದೆ, ಎಣ್ಣೆ ಇಲ್ಲ, ಕಿರುಗುಟ್ಟುವುದೂ ಇಲ್ಲ. ಮಾವನಿಗೆ ಈಗ ಮೋಟರ್ ಶಬ್ದ ಜಾಸ್ತಿ ಕೇಳುತ್ತಿದೆಯಂತೆ.

ಉಳಿದ ರಾಡ್ ತುಂಡಲ್ಲಿ ಜರಡಿ ಕ್ಲಾಂಪಿಗೆ ಹಿಡಿ ಮಾಡುತ್ತಿದ್ದೇನೆ. ಎಂ6 (6 ಮಿ.ಮೀ. ಬೋಲ್ಟ್) ಟ್ಯಾಪ್ ಹೊಡೆದು ಒಳಗೆ ಥ್ರೆಡ್ ಮಾಡಬೇಕು. 5 ಮಿ.ಮೀ. ಡ್ರಿಲ್ ಹಾಕಿದರೆ ಟ್ಯಾಪ್ ತುಂಬಾ ಬಿಗಿ ಬರುತ್ತಿದೆ.

ಹರಿಹರದ ಟರ್ನರ್

5.2 ಹಾಕು. ತೂತು ಮುಚ್ಚಿಕೊಳ್ಳುತ್ತದೆ ಅಂತ ಆಗಲೇ ಹೇಳಿದೆನಲ್ಲ, ಥ್ರೆಡ್‌ಗೂ ಅದೇ. ಹೊಸ ಟ್ಯಾಪ್ ಬಳಸು, ಅರ್ಧ ಸುತ್ತಿಗೊಮ್ಮೆ ಹಿಂದೆ ತಿರುಗಿಸಿ ಚಿಪ್ಸ್ ಬಿಡಿಸು. ಉದ್ದ ಮಾತ್ರ ಕಬ್ಬಿಣಕ್ಕಿಂತ ಜಾಸ್ತಿ ಇಡು, ಬೋಲ್ಟಿನ ಎರಡರಷ್ಟು, ಅಂದರೆ 12 ಮಿ.ಮೀ. ಆಗಾಗ ಬಿಚ್ಚಿ ಹಾಕುವ ಹಿಡಿ ಆದರೆ ಥ್ರೆಡ್ ಪ್ಲಾಸ್ಟಿಕ್‌ನಲ್ಲಿ ಬೇಡವೇ ಬೇಡ, ಒಂದು ಹಿತ್ತಾಳೆ ನಟ್ ಒತ್ತಿ ಕೂರಿಸು.